ಕೊಲೆಗಾರನಿಗೆ ಪ್ರೀತಿ, ಕಟುಕನಿಗೆ ಬೈಗುಳ

ಹಾಸ್ಟೆಲ್ಲಿನ ರೂಮಿನಲ್ಲಿ ಆರು ಜನ ಒಂದೇ ಮೊಬೈಲಿಗೆ ತಲೆ ಕೊಟ್ಟುಕೊಂಡು ಕೊರಿಯಾದ ಸಿನಿಮಾ ಒಂದನ್ನು ನೋಡಿದೆವು. ಇಂಗ್ಲಿಷಿನವರು ಇಟ್ಟ ಹೆಸರು ‘ಗನ್ಸ್ ಅಂಡ್ ಟಾಕ್ಸ್’. ಕೊರಿಯನ್ನರ ಅಸಲು ಹೆಸರಿಗೆ ‘ಕಿಲ್ಲರುಗಳ ಹರಟೆ’ ಅಂತ ಅರ್ಥ. 2001ರಲ್ಲಿ ಜಾಂಗ್ ಜಿನ್ ಎಂಬಾತ ನಿರ್ದೇಶಿಸಿದ್ದು. ದುಡ್ಡು ತಗೊಂಡು ಕೊಲೆ ಮಾಡುವ ನಾಲ್ಕು ಜನ ಚೆಂದುಳ್ಳ ಹುಡುಗರು ಸೋಲ್ ನಗರದ ಒಂದೇ ಮನೆಯಲ್ಲಿ ಇರುತ್ತಾರೆ. ಟಿ.ವಿ.ಯಲ್ಲಿ ವಾರ್ತೆ ಓದುವ ಹೆಣ್ಣುಮಗಳು ಬಂದರೆ ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ಕೊಲೆ ಮಾಡಿಸಬೇಕೆಂದು ಗಿರಾಕಿಗಳು ಬರುತ್ತಾರೆ, ಮಾತುಕತೆ ಆಗುತ್ತದೆ, ಕೆಲಸ ಮುಗಿಯುತ್ತದೆ. ಇವರಲ್ಲೊಬ್ಬ, ಶಿನ್ ಹಾ-ಗ್ಯುನ್ ಮಾಡಿರುವ ಪಾತ್ರ, ತಾನು ಕೊಲ್ಲಬೇಕಾಗಿದ್ದ ಬಸುರಿ ಹೆಂಗಸನ್ನೇ ಪ್ರೀತಿಸಿಬಿಡುತ್ತಾನೆ. ಕೈ ಏಳುವುದಿಲ್ಲ. ಉಳಿದವರು ಇವನ ಮೇಲೆ ರೇಗಿದಾಗ ಎಲ್ಲರಿಗಿಂತ ಚಿಕ್ಕವನು, ವಾನ್ ಬಿನ್, ಕಣ್ಣೀರು ಹಾಕಿಕೊಂಡು ಪ್ರೀತಿಯ ಬಗ್ಗೆ ಉದ್ದಕ್ಕೆ ಭಾಷಣ ಬಿಗಿಯುತ್ತಾನೆ.

ನಾವು ನಕ್ಕೆವು. ಸುಳ್ಳು ಯಾಕೆ ಹೇಳಬೇಕು, ಹೊಟ್ಟೆ ಹಿಡಿದುಕೊಂಡೇ ನಕ್ಕೆವು. ಸಿನಿಮಾ ಮುಗಿದು ಚಾಪೆ ಸುತ್ತುವಾಗ ಪಿಯುಸಿ ಓದುವ ಹುಡುಗನೊಬ್ಬ ಕೇಳಿದ: ‘ಅಣ್ಣಾ, ಆ ಬಸುರೀನ ಬಿಟ್ಟ, ಸರಿ. ಅದಕ್ಕೆ ಮುಂಚೆ ಕೊಂದ್ನಲ್ಲ, ಅವರನ್ನ ಯಾರೂ ಪ್ರೀತಿಸಿರ್ಲಿಲ್ವಾ?’

ಡಿಗ್ರಿ ಮುಗಿಸಿದ ನಮ್ಮಲ್ಲಿ ಯಾರ ಬಾಯಲ್ಲೂ ಉತ್ತರ ಹುಟ್ಟಲಿಲ್ಲ.

ಸಿನಿಮಾದಲ್ಲಿ ರಕ್ತ ತೋರಿಸಿದರೆ ಮಕ್ಕಳು ಕೆಡುತ್ತಾರೆ ಎಂದು ಗೋಳಾಡುವ ಸಭ್ಯರ ಸಾಲಿನಲ್ಲಿ ನಾವು ನಿಂತಿಲ್ಲ. ರಕ್ತ ಕಂಡರೆ ಮೂರ್ಛೆ ಹೋಗುವ ಮನೆತನ ನಮ್ಮದಲ್ಲ. ನಮ್ಮ ಅಪ್ಪಂದಿರು ಸತ್ತ ದನ ಹೊತ್ತವರು, ಚರ್ಮ ಸುಲಿದವರು, ಆ ವಾಸನೆಯಲ್ಲೇ ನಮಗೆ ಅನ್ನ ಇಟ್ಟವರು. ನಮ್ಮ ತಕರಾರು ರಕ್ತದ ಮೇಲಲ್ಲ. ಯಾರ ಕೈಗೆ ಅಂಟಿದ ರಕ್ತಕ್ಕೆ ಅತ್ತರಿನ ವಾಸನೆ, ಯಾರ ಕೈಗೆ ಅಂಟಿದ ರಕ್ತಕ್ಕೆ ಮೈಲಿಗೆ, ಈ ಲೆಕ್ಕ ನಮಗೆ ಬೇಕು. ಕೊರಿಯಾದಲ್ಲೂ ಈ ಲೆಕ್ಕ ಇದೆ. ಆದರೆ ನಾಲ್ಕು ಹುಡುಗರ ಹರಟೆಯಲ್ಲಿ ಅದು ಕೇಳಿಸುವುದಿಲ್ಲ.

ಕೊರಿಯಾದಲ್ಲಿ ಬೆಕ್‌ಜಂಗ್ ಎಂಬ ಜನ ಇದ್ದರು. ದನ ಕಡಿಯುವವರು, ಚರ್ಮ ಹದ ಮಾಡುವವರು, ಬುಟ್ಟಿ ಹೆಣೆಯುವವರು. ಕೇಳಿದರೆ ನಮ್ಮ ಕೇರಿಯ ಜನಗಣತಿ ಓದಿದ ಹಾಗಾಗುತ್ತದೆ! ಅವರು ಊರ ಹೊರಗಿರಬೇಕು. ಹೆಂಚಿನ ಮನೆ ಕಟ್ಟಬಾರದು. ರೇಷ್ಮೆ ಉಡಬಾರದು. ಮರ್ಯಾದಸ್ಥರು ಹಾಕುವ ಕುದುರೆಕೂದಲಿನ ಟೋಪಿ ಹಾಕಬಾರದು, ಬಿದಿರಿನ ಟೋಪಿಯೇ ಗತಿ. ಎಪ್ಪತ್ತು ವರ್ಷದ ಬೆಕ್‌ಜಂಗ್ ಮುದುಕ ಮೇಲಿನವರ ಏಳು ವರ್ಷದ ಹುಡುಗನಿಗೆ ಬಹುವಚನ ಹಚ್ಚಿ ತಲೆ ಬಾಗಿ ಮಾತಾಡಬೇಕು. ಆ ಹುಡುಗ ಇವನಿಗೆ ಏಕವಚನ. ಬುದ್ಧಿ, ಸ್ವಾಮಿ ಎನ್ನುತ್ತಾ ಬೆನ್ನು ಗೂನು ಮಾಡಿಕೊಂಡ ನಮ್ಮ ಅಜ್ಜಂದಿರು ಅಲ್ಲೂ ಇದ್ದರು ಎನ್ನಿ. ಅಲ್ಲಿ ವೇದ ಇರಲಿಲ್ಲ, ಮನುಸ್ಮೃತಿ ಇರಲಿಲ್ಲ. ಆದರೂ ಕೊಂದು ಕೊಡುವವನು ಹೊಲೆ, ಕೂತು ತಿನ್ನುವವನು ಮಡಿ. ದನದ ಮಾಂಸ ದೊರೆಮನೆಯ ತಟ್ಟೆಯಲ್ಲಿ ಊಟ, ಅದನ್ನು ಕಡಿದುಕೊಟ್ಟ ಕೈ ಮಾತ್ರ ಹೊರಗೆ.

1894ರ ಸುಧಾರಣೆಗಳಲ್ಲಿ ಈ ಮೇಲುಕೀಳನ್ನು ಕಾಗದದ ಮೇಲೆ ತೆಗೆದುಹಾಕಿದರು. ಕಾಗದದ ಮೇಲೆ! ಈ ಮಾತು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 1909ರಲ್ಲಿ ಜಿಂಜು ಊರಿನ ಚರ್ಚಿನಲ್ಲಿ ಬೆಕ್‌ಜಂಗರನ್ನು ಒಟ್ಟಿಗೆ ಕೂರಿಸಿಕೊಂಡಾಗ ಉಳಿದ ಭಕ್ತರು ಎದ್ದು ಹೋದರು. ಯೇಸುವಿನ ಮುಂದೆ ಎಲ್ಲರೂ ಸಮಾನ, ಬೆಂಚಿನ ಮೇಲೆ ಮಾತ್ರ ಅಲ್ಲ. ಅದೇ ಜಿಂಜುವಿನಲ್ಲಿ 1923ರ ಏಪ್ರಿಲ್‌ನಲ್ಲಿ ಹ್ಯೊಂಗ್‌ಪ್ಯೊಂಗ್‌ಸಾ ಎಂಬ ಸಂಘ ಎದ್ದಿತು. ಹೆಸರಿನ ಅರ್ಥ ತಕ್ಕಡಿಯ ದಂಡಿಗೆಯಂತೆ ಸಮ. ಮಾಂಸ ತೂಗುವ ತಕ್ಕಡಿಯನ್ನೇ ಮನುಷ್ಯರನ್ನು ತೂಗುವುದಕ್ಕೆ ಎತ್ತಿ ಹಿಡಿದ ಜನ ಅವರು. ಇದಕ್ಕಿಂತ ದೊಡ್ಡ ಕಾವ್ಯ ನಾವು ಓದಿಲ್ಲ. ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ ಎಂಬ ಒಬ್ಬ ತಂದೆಯ ಸಿಟ್ಟು ಅದರ ಬೆನ್ನಿಗಿತ್ತು. ಬೆಕ್‌ಜಂಗ್ ಮನೆಯಲ್ಲಿ ಹುಟ್ಟಿ ಜಪಾನಿಗೆ ಹೋಗಿ ಓದಿ ಬಂದ ಜಾಂಗ್ ಜಿ-ಪಿಲ್ ಅದರ ಮುಂದಾಳುಗಳಲ್ಲೊಬ್ಬ. ಓದಿ ಬಂದರೂ ದಾಖಲೆಯಲ್ಲಿ ಹುಟ್ಟು ಅಂಟಿಕೊಂಡಿತ್ತು. ಜಾತಿ ಸರ್ಟಿಫಿಕೇಟು ಹಿಡಿದುಕೊಂಡು ಕಚೇರಿಯ ಕಟಕಟೆಯ ಮುಂದೆ ನಿಂತವರಿಗೆ ಆ ಸಂಕಟ ಗೊತ್ತು.

ಸಂಘ ಕಟ್ಟಿದ ಮೇಲೆ ಏನಾಯಿತು? ಊರವರು ಮೆರವಣಿಗೆ ತೆಗೆದರು. ದನದ ಮಾಂಸ ಕೊಳ್ಳಬೇಡಿ, ಇವರ ಹೊಟ್ಟೆಗೆ ಹೊಡೆಯಿರಿ ಎಂದು ಕೂಗಿದರು. ನಮ್ಮೂರ ಪಂಚಾಯಿತಿಯ ಬಹಿಷ್ಕಾರ ಇದ್ದ ಹಾಗೆ. 1925ರ ಆಗಸ್ಟಿನಲ್ಲಿ ಯೆಚನ್ ಎಂಬ ಊರಲ್ಲಿ ಗುಂಪು ಕಟ್ಟಿಕೊಂಡು ಬಂದು ಸಂಘದವರನ್ನು ಬಡಿದರು. ಆ ಹೊತ್ತಿಗೆ ನಮ್ಮಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿ ವರ್ಷವಾಗಿತ್ತು. ಮಹಾಡದ ಕೆರೆಯ ನೀರು ಮುಟ್ಟುವುದಕ್ಕೆ ಇನ್ನೂ ಎರಡು ವರ್ಷ ಬಾಕಿ. ಎಲ್ಲಿಯ ಜಿಂಜು, ಎಲ್ಲಿಯ ಮಹಾಡ! ಆದರೂ ಒಂದೇ ದಶಕದಲ್ಲಿ ಎದ್ದು ನಿಂತವು.

ಇನ್ನು ಸಿನಿಮಾಕ್ಕೆ ಬರೋಣ. ಕೊರಿಯನ್ ಭಾಷೆಯಲ್ಲಿ ಕ್ರೂರಿಯಾದ ಕೊಲೆಗಾರನನ್ನು ಬೈಯುವುದಕ್ಕೆ ‘ಇನ್‌ಗಾನ್ ಬೆಕ್‌ಜಂಗ್’ ಎಂಬ ಮಾತಿದೆ. ಮನುಷ್ಯರನ್ನು ಕಡಿಯುವ ಕಟುಕ ಎಂದು ಅರ್ಥ. ಆದರೆ ಈ ಸಿನಿಮಾದ ಹೆಸರಿನಲ್ಲಿ ಬೆಕ್‌ಜಂಗ್ ಇಲ್ಲ. ಇಂಗ್ಲಿಷಿನಿಂದ ಸಾಲ ತಂದ ‘ಕಿಲ್ಲರ್’ ಇದೆ. ನೋಡಿ ಗೆಳೆಯರೇ, ಒಂದು ಶಬ್ದದೊಳಗೆ ಎಷ್ಟು ರಾಜಕೀಯ! ಕೋಟು ಹಾಕಿ, ಕೂದಲು ಬಾಚಿ, ದುಡ್ಡಿಗೆ ಮನುಷ್ಯರನ್ನು ಕೊಲ್ಲುವವನು ಕಿಲ್ಲರ್. ಅವನ ಮೇಲೆ ಹುಡುಗಿಯರಿಗೆ ಮೋಹ, ಅವನ ಬಾಯಲ್ಲಿ ಪ್ರೀತಿಯ ಮಾತು. ಒಬ್ಬ ಮನುಷ್ಯನನ್ನೂ ಕೊಲ್ಲದೆ ತಲೆತಲಾಂತರ ದನ ಕಡಿದು ಊರಿಗೆ ಉಣ್ಣಿಸಿದವನ ಕುಲದ ಹೆಸರು ಮಾತ್ರ ಕೊಲೆಗಾರನನ್ನು ಬೈಯುವ ಮಾತು. ಕೊಂದವನಿಗೆ ಹೊಸ ಹೆಸರು ಕೊಟ್ಟು ತೊಳೆದರು. ಆ ಕೊಳೆಯನ್ನೆಲ್ಲ ಕಡಿದವನ ಹೆಸರಿಗೆ ಮೆತ್ತಿದರು.

ಕನ್ನಡವೇನು ಕಮ್ಮಿಯೆ? ಹೆಂಡತಿಗೆ ಹೊಡೆಯುವವನು ಕಟುಕ. ಸಾಲಕ್ಕೆ ಮನೆ ಹರಾಜು ಹಾಕುವವನು ಕಟುಕ. ಕಥೆ ಬರೆಯುವ ದೊಡ್ಡ ದೊಡ್ಡ ಸಾಹಿತಿಗಳೂ ಕಟುಕನ ಎದೆ, ಕಟುಕನ ಕೈ ಎಂದು ಕೈ ನಡುಗದೆ ಬರೆದಿದ್ದಾರೆ. ಅದೇ ಬಾಡಿಗೆ ಕೊಲೆಗೆ ಪತ್ರಿಕೆಯವರು ಏನನ್ನುತ್ತಾರೆ? ‘ಸುಪಾರಿ’. ಅಡಿಕೆ! ಮದುವೆ ಮನೆಯ ಮಂಗಳದ ವಸ್ತು. ಹಳೆಯ ಕಾಲದಲ್ಲಿ ದೊರೆ ರಣವೀಳ್ಯ ಕೊಟ್ಟು ಯುದ್ಧಕ್ಕೆ ಕಳಿಸುತ್ತಿದ್ದ, ಅದು ಶೌರ್ಯ. ಈಗ ಅಡಿಕೆ ಕೊಟ್ಟು ಕತ್ತು ಕುಯ್ಯಿಸುತ್ತಾರೆ. ಊಳಿಗಮಾನ್ಯದ ಎಲೆಅಡಿಕೆ ತಟ್ಟೆ ಇನ್ನೂ ಕೈ ಬದಲಾಯಿಸುತ್ತಲೇ ಇದೆ.

ನಮ್ಮ ಸಿನಿಮಾದವರೂ ಇದೇ ಕಸುಬು ಮಾಡಿದ್ದಾರೆ. 1995ರ ‘ಓಂ’ ನೋಡದವರು ಯಾರು? ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕ. ಪುರೋಹಿತರ ಮಗ ಪ್ರೀತಿಯ ದೆಸೆಯಿಂದ ರೌಡಿಯಾಗುವ ಕಥೆ. ನಾವೂ ಸೀಟಿ ಹೊಡೆದವರೇ. ಆದರೆ ಜನಿವಾರದ ಹುಡುಗ ಲಾಂಗು ಹಿಡಿದರೆ ಅದು ಮನಕರಗುವ ಪ್ರೇಮಕಥೆ, ಕೇರಿಯ ಹುಡುಗ ಹಿಡಿದರೆ ಸ್ಟೇಷನ್ನಿನ ಗೋಡೆಯ ಮೇಲಿನ ಫೋಟೋ. ಹಿಡಿಯದೇ ಇದ್ದರೂ ಒಮ್ಮೊಮ್ಮೆ ಫೋಟೋವೇ!

ಸಿನಿಮಾದ ಪರವಾಗಿ ವಾದಿಸುವವರು ನಮ್ಮಲ್ಲೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆವು. 1997ರ ಕೊನೆಯಲ್ಲಿ ಕೊರಿಯಾ ದಿವಾಳಿಯ ಅಂಚಿಗೆ ಬಂದು ಐಎಂಎಫ್ ಮುಂದೆ ಕೈ ಚಾಚಿತು. 1998ರಲ್ಲಿ ಕಾರ್ಮಿಕರನ್ನು ಸಾಮೂಹಿಕವಾಗಿ ಕೆಲಸದಿಂದ ತೆಗೆಯುವುದಕ್ಕೆ ಕಾನೂನೇ ದಾರಿ ಮಾಡಿತು. ಈ ಸಿನಿಮಾ ಬಂದ 2001ರ ಫೆಬ್ರವರಿಯಲ್ಲೇ ಡೇವೂ ಮೋಟಾರಿನ ಬುಪ್ಯೊಂಗ್ ಕಾರ್ಖಾನೆಯಿಂದ 1,750 ಜನರನ್ನು ಹೊರಗೆ ಹಾಕಿದರು. ಏಪ್ರಿಲ್‌ನಲ್ಲಿ ಪೊಲೀಸರು ಅವರನ್ನು ರಸ್ತೆಯಲ್ಲಿ ಹಾಕಿ ಬಡಿದರು. ಅಂಥ ವರ್ಷ ತೆರೆಯ ಮೇಲೆ ನಾಲ್ಕು ಜನ ಹುಡುಗರು: ಮೇಲೆ ಮಾಲೀಕನಿಲ್ಲ, ಕೈಯಲ್ಲಿ ಕಸುಬಿದೆ, ಮನೆ ತುಂಬ ಗೆಳೆತನವಿದೆ. ಕೆಲಸ ಕಳೆದುಕೊಂಡವನಿಗೆ ಅದು ಕನಸಿನ ಹಾಗೆ ಕಂಡಿದ್ದರೆ ಬೈಯಲು ನಾವು ಯಾರು? ಅದೇ ವರ್ಷ ‘ಚಿಂಗು’, ‘ಮೈ ವೈಫ್ ಈಸ್ ಎ ಗ್ಯಾಂಗ್‌ಸ್ಟರ್’ ಎಂದು ಸಾಲುಸಾಲಾಗಿ ರೌಡಿಗಳ ಸಿನಿಮಾ ಬಂದು ಗಲ್ಲಾಪೆಟ್ಟಿಗೆ ತುಂಬಿದ್ದೂ ಸುಮ್ಮನೆ ಅಲ್ಲ.

ಆದರೆ ಕನಸು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಎಂದು ಕೇಳುವುದು ನಮ್ಮ ಹಕ್ಕು. 1970ರ ನವೆಂಬರ್ 13ರಂದು ಇದೇ ಸೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ ಜನ್ ತೆ-ಇಲ್ ಎಂಬ 22 ವರ್ಷದ ದರ್ಜಿ ಕಾರ್ಮಿಕ, ಹೊಲಿಗೆ ಹುಡುಗಿಯರ ದುಡಿಮೆಯ ಗಂಟೆಗಳಿಗಾಗಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಅವನೂ ಹುಡುಗನೇ. ಅವನಿಗೂ ಪ್ರೀತಿ ಗೊತ್ತಿತ್ತು. ತನ್ನ ಬಸ್ ಚಾರ್ಜಿನ ದುಡ್ಡಿನಲ್ಲಿ ಹಸಿದ ಹುಡುಗಿಯರಿಗೆ ತಿಂಡಿ ಕೊಡಿಸಿ ತಾನು ಮನೆಗೆ ನಡೆದು ಹೋಗುತ್ತಿದ್ದವನು. ಅವನ ಮೇಲೆ 1995ರಲ್ಲಿ ಪಾರ್ಕ್ ಕ್ವಾಂಗ್-ಸು ಸಿನಿಮಾ ಮಾಡಿದ, ಅದಕ್ಕೆ ನಮಸ್ಕಾರ. ಪ್ರೀತಿ ಎಂದರೆ ಬಂದೂಕು ಹಿಡಿದ ಕೈ ಒಂದು ಸಲ ತಡೆಯುವುದು ಎಂದು ಕಲಿಸುವ ಸಿನಿಮಾ ಒಂದು, ಪ್ರೀತಿ ಎಂದರೆ ಬಸ್ ಚಾರ್ಜು ಎಂದು ಕಲಿಸುವ ಸಿನಿಮಾ ಇನ್ನೊಂದು. ನಮ್ಮ ಮೊಬೈಲಿಗೆ ಮೊದಲನೆಯದೇ ಯಾಕೆ ತಾನಾಗಿ ಬಂದು ಬೀಳುತ್ತದೆ?

ಇನ್ನೂ ಒಂದು ಸಂಗತಿ. 1980ರ ಮೇ ತಿಂಗಳಲ್ಲಿ ಗ್ವಾಂಗ್‌ಜುವಿನಲ್ಲಿ ಕೊರಿಯಾದ ಸೈನ್ಯ ತನ್ನದೇ ಜನರನ್ನು ಕೊಂದಿತು. ಅದರ ಹಿಂದಿದ್ದ ಚನ್ ಡೂ-ಹ್ವಾನ್‌ಗೆ 1996ರಲ್ಲಿ ಮರಣದಂಡನೆ ಆಯಿತು, ಆಮೇಲೆ ಜೀವಾವಧಿಗೆ ಇಳಿಯಿತು, 1997ರ ಡಿಸೆಂಬರಿನಲ್ಲಿ ಕ್ಷಮೆಯೂ ಸಿಕ್ಕಿತು. 2021ರಲ್ಲಿ ಆತ ಸಹಜವಾಗಿ ಸತ್ತ, ಗ್ವಾಂಗ್‌ಜುವಿನವರ ಕ್ಷಮೆ ಕೇಳದೆಯೇ. ಕೊಲೆಗಾರನ ಎದೆಯಲ್ಲಿ ಪ್ರೀತಿ ಹುಡುಕುವ ಕಲಾವಿದರನ್ನು ನಾವು ಕೇಳುತ್ತೇವೆ: ಗುಂಡು ಹೊಡೆದವನ ಮುಖಕ್ಕೆ ಇಷ್ಟು ಹತ್ತಿರ ಕ್ಯಾಮೆರಾ ಇಡುತ್ತೀರಲ್ಲ, ಹೊಡೆಯಿರಿ ಅಂದವನ ಮುಖಕ್ಕೆ ಯಾವಾಗ? ಈ ಸಿನಿಮಾದಲ್ಲಿ ಗಿರಾಕಿಗಳು ಬರುತ್ತಾರೆ, ನಿಜ. ಬಂದು ತಮ್ಮ ತಮ್ಮ ಮನೆಯ ಸಿಟ್ಟು ಹೇಳಿಕೊಂಡು ಹೋಗುತ್ತಾರೆ. ಕೊಲೆ ಅನ್ನುವುದು ಒಂದು ವ್ಯವಸ್ಥೆಯ ದಿನಚರಿ ಎಂಬುದು ಅಲ್ಲಿ ಎಲ್ಲಿಯೂ ಇಲ್ಲ.

ನಮ್ಮಲ್ಲಿ ಕೊಲೆಗಾರರಿಗೆ ಪ್ರೇಮಕಥೆಯ ಅಗತ್ಯವೂ ಬೀಳುವುದಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಹಾಕಿ ಸುಟ್ಟರು. 2006ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಹೈಕೋರ್ಟಿನಲ್ಲೂ ಅದೇ ನಿಂತಿತು. ಏಳು ಹೆಣ ಇವೆ, ಕೊಂದವರು ಯಾರೂ ಇಲ್ಲ! ಯಾವ ಹಾಸ್ಯ ಸಿನಿಮಾ ಇದಕ್ಕೆ ಸಮ? 2020ರ ಡಿಸೆಂಬರಿನಲ್ಲಿ ಇದೇ ಕರ್ನಾಟಕದ ವಿಧಾನಸಭೆ ಒಪ್ಪಿದ ಗೋಹತ್ಯೆ ಕಾಯ್ದೆಯಲ್ಲಿ ದನ ಕಡಿದವನಿಗೆ 3ರಿಂದ 7 ವರ್ಷ ಜೈಲು ಎಂದು ಬರೆದರು. ಬೆಕ್‌ಜಂಗರ ಕಥೆ ನಮಗೆ ಬೇರೆ ದೇಶದ ಕಥೆ ಎನಿಸದೆ ಇರುವುದು ಇದಕ್ಕೇ.

‘ಕಲೆಗೆ ಜಾತಿ ಹಚ್ಚಬೇಡ್ರಯ್ಯಾ, ನಗುವಾಗ ನಗಬೇಕು’ ಎಂದು ನಮ್ಮ ಮೇಷ್ಟ್ರೊಬ್ಬರು ಅಂದರು. ಒಳ್ಳೆಯವರು, ನಮಗೆ ಅಕ್ಷರ ಕಲಿಸಿದವರು. ಅವರಿಗೆ ನಮ್ಮ ಉತ್ತರ ಇಷ್ಟೇ: ಸಾರ್, ಜಾತಿ ಹಚ್ಚಿದವರು ನಾವಲ್ಲ, ಭಾಷೆಗೇ ಮೊದಲು ಹಚ್ಚಿಟ್ಟಿದ್ದಾರೆ. ಕೆರೆದು ತೆಗೆಯುವಾಗ ಸ್ವಲ್ಪ ನೋಯುತ್ತದೆ.

ಹಾಗಾದರೆ ಆಯುಧ ಹಿಡಿದ ಬೆಕ್‌ಜಂಗ್ ಕೊರಿಯಾದಲ್ಲಿ ಇರಲೇ ಇಲ್ಲವೆ? ಇದ್ದ. ಹದಿನಾರನೇ ಶತಮಾನದಲ್ಲಿ ಇಮ್ ಕ್ಕೊಕ್‌ಜಂಗ್ ಎಂಬಾತ ಆ ಜಾತಿಯಲ್ಲಿ ಹುಟ್ಟಿ ದಂಡು ಕಟ್ಟಿಕೊಂಡು ಅಧಿಕಾರಿಗಳ ಉಗ್ರಾಣಗಳಿಗೆ ನುಗ್ಗಿದ. 1562ರಲ್ಲಿ ಅವನನ್ನು ಹಿಡಿದು ಕೊಂದರು. ಅವನ ಮೇಲೆ ಹಾಂಗ್ ಮ್ಯೊಂಗ್-ಹೀ 1928ರಿಂದ ಪತ್ರಿಕೆಯಲ್ಲಿ ದೊಡ್ಡ ಕಾದಂಬರಿ ಬರೆದ. ಬರೆದವನು ಉತ್ತರ ಕೊರಿಯಾಕ್ಕೆ ಹೋದನೆಂದು ದಕ್ಷಿಣದವರು ಆ ಪುಸ್ತಕವನ್ನೇ ದಶಕಗಟ್ಟಲೆ ಮುಟ್ಟಗೊಡಲಿಲ್ಲ. ಬಡವರ ಪರ ಕತ್ತಿ ಹಿಡಿದವನ ಕಥೆಗೆ ನಿಷೇಧ, ದುಡ್ಡಿಗೆ ಬಂದೂಕು ಹಿಡಿದವರ ಕಥೆಗೆ ಹೌಸ್‌ಫುಲ್ ಬೋರ್ಡು.

ಜಿಂಜುವಿನಲ್ಲಿ 1996ರಲ್ಲಿ ಹ್ಯೊಂಗ್‌ಪ್ಯೊಂಗ್ ಚಳವಳಿಯ ನೆನಪಿಗೆ ಒಂದು ಸ್ಮಾರಕ ಎತ್ತಿದ್ದಾರೆ. ಜಾಂಗ್ ಜಿ-ಪಿಲ್‌ನೂ ಯಾರನ್ನಾದರೂ ಪ್ರೀತಿಸಿರಬೇಕು. ಬಿದಿರಿನ ಟೋಪಿ ಹಾಕಿಕೊಂಡು ಚರ್ಮ ಹದ ಮಾಡುತ್ತಿದ್ದ ಹುಡುಗ, ಹುಡುಗಿಯ ಮನೆ ಮುಂದೆ ಹಾಯುವಾಗ ಮೈ ವಾಸನೆಗೆ ಅಂಜಿ ಬಳಸು ದಾರಿ ಹಿಡಿದಿರಬೇಕು. ಅದೂ ನಗು ಬರುವ ಸಿನಿಮಾವೇ ಆಗುತ್ತದೆ, ಯಾರಾದರೂ ಮಾಡಿದರೆ. ಪಿಯುಸಿ ಹುಡುಗ ಈಗಲೇ ಕೇಳುತ್ತಿದ್ದಾನೆ: ‘ಅದು ಬಂದ್ರೆ ನಂಗೂ ಕಳ್ಸು ಅಣ್ಣಾ, ನೋಡ್ತೀನಿ.’