ಬೆಳೆಯುತ್ತಿರುವ ಊರಿನಲ್ಲಿ ನಮ್ಮ ವಾಸ

ಕಳೆದ ತಿಂಗಳು ನಮ್ಮ ಬಾಲ್ಯಮಿತ್ರರೊಬ್ಬರು ಬೆಂಗಳೂರಿನಿಂದ ನಮ್ಮ ಮನೆಗೆ ದಯಮಾಡಿಸಿದ್ದರು. ಕಾಫಿಯನ್ನು ಸೇವಿಸಿ, ಜಗಲಿಯ ಮೇಲೆ ಕುಳಿತು, ಸುತ್ತಲೂ ಒಮ್ಮೆ ದೃಷ್ಟಿಯನ್ನು ಹರಿಸಿ, “ನೀವು ಪುಣ್ಯವಂತರಯ್ಯ, ಮೈಸೂರಿನಲ್ಲಿದ್ದೀರಿ. ಅಲ್ಲಿ ನಮ್ಮ ಪಾಡು ದೇವರಿಗೇ ಪ್ರೀತಿ” ಎಂದರು. ನಾವೂ ಸೌಜನ್ಯಕ್ಕಾಗಿ “ಹೌದು, ಹೌದು” ಎಂದು ತಲೆದೂಗಿದೆವು. ಒಳಗಿನಿಂದ ಈ ಸಂಭಾಷಣೆಯನ್ನು ಕೇಳಿಸಿಕೊಂಡಿದ್ದ ನಮ್ಮ ಮನೆಯವರು, ಮಿತ್ರರು ಹೊರಟುಹೋದ ಬಳಿಕ, “ಹೌದೆಂದು ಏತಕ್ಕೆ ಹೇಳಿದಿರಿ? ನಾನು ಗುಡಿಗೆ ಹೋಗಿ ಎರಡು ತಿಂಗಳಾಯಿತು” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ವಾಚಕರು ಆ ಗುಡಿಯು ಬಹು ದೂರದಲ್ಲಿರಬಹುದೆಂದು ಭಾವಿಸಬಾರದು. ಅದು ನಮ್ಮ ಮನೆಗೆ ಕೂಗಳತೆಯಲ್ಲಿದೆ. ಮಂಗಳಾರತಿಯ ಗಂಟೆಯು ನಮ್ಮ ನಡುಮನೆಗೆ ಕೇಳಿಸುತ್ತದೆ. ಆದರೆ ನಡುವೆ ಒಂದು ರಸ್ತೆಯುಂಟು. ನಾವು ೧೯೯೭ರಲ್ಲಿ ಲಿಂಗಾಂಬುಧಿ ಕೆರೆಯ ಸಮೀಪದ ಈ ಬಡಾವಣೆಗೆ ಬಂದಾಗ ಆ ರಸ್ತೆಯಲ್ಲಿ ಎಮ್ಮೆಗಳು ಮಲಗಿ ಮೆಲುಕು ಹಾಕುತ್ತಿದ್ದುವು. ಈಗ ಅದನ್ನು ಅಗಲಿಸಿ, ನಡುವೆ ಮೊಳಕಾಲೆತ್ತರದ ಗೋಡೆಯೊಂದನ್ನು ಕಟ್ಟಿರುವುದರಿಂದ, ವಾಹನಗಳಿಗೆ ಪರಮ ಸೌಕರ್ಯವುಂಟಾಗಿದೆ. ಮಂಡಿನೋವಿನ ಹೆಂಗಸು ಆ ಗೋಡೆಯನ್ನು ದಾಟಲಾರಳು. ದಾಟುವುದಕ್ಕೆ ಗುರುತಿಸಿದ ಸ್ಥಳವಾದರೋ ಬಹು ದೂರದಲ್ಲಿದೆ, ಅಲ್ಲಿಯೂ ಯಾರೂ ವಾಹನವನ್ನು ನಿಲ್ಲಿಸುವುದಿಲ್ಲ. ಆದುದರಿಂದ ಏಕಾದಶಿಯ ದಿನಗಳಲ್ಲಿ ನಾವು ಆಟೋ ರಿಕ್ಷಾವನ್ನು ಕರೆದು, ಮುಂದಿನ ವೃತ್ತದವರೆಗೂ ಹೋಗಿ, ಅದನ್ನು ಬಳಸಿ ಹಿಂದಿರುಗಿ, ನಮ್ಮ ಮನೆಯ ಎದುರಿಗೇ ಇಳಿದು, ಕನಿಷ್ಠ ದರವನ್ನು ತೆತ್ತು ದೇವರ ದರ್ಶನ ಮಾಡುವ ಪದ್ಧತಿಯನ್ನು ಇಟ್ಟುಕೊಂಡೆವು. ಗುಡಿಗೆ ಮಾಡಬೇಕಾದ ಪ್ರದಕ್ಷಿಣೆಯು ರಸ್ತೆಗೆ ಸಂದಂತಾಯಿತು. ಕೆಲವು ಕಾಲಾನಂತರ ಮನೆಯವರೇ, “ಇದು ಬೇಡ, ನಾಚಿಕೆಯಾಗುತ್ತದೆ” ಎಂದು ನಿಲ್ಲಿಸಿದರು.

ವ್ಯಾಕರಣವನ್ನು ಅಭ್ಯಸಿಸುವುದಕ್ಕಾಗಿ ನಾವು ಹಳ್ಳಿಯಿಂದ ಈ ಊರಿಗೆ ಬಂದದ್ದು ೧೯೮೧ರಲ್ಲಿ. ಆ ವರ್ಷದ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆಯು ಸುಮಾರು ೪½ ಲಕ್ಷವಿದ್ದಿತು; ೨೦೧೧ರ ಗಣತಿಯಲ್ಲಿ ಅದು ಸುಮಾರು ೯ ಲಕ್ಷವಾಯಿತು. ಅಗ್ರಹಾರದಲ್ಲಿ ಒಂದು ಕೊಠಡಿಯನ್ನು ಹಿಡಿದು, ಅಲ್ಲಿಂದ ಪಾಠಶಾಲೆಗೆ ರೂಪಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ನಡೆದು ಹೋಗುತ್ತಿದ್ದೆವು. ದಾರಿಯಲ್ಲಿ ಒಮ್ಮೆಯೂ ತಲೆಯೆತ್ತಿ ನೋಡಿದ ನೆನಪಿಲ್ಲ. ಈಗ ಹಾಗೆ ನಡೆಯುವ ವಿದ್ಯಾರ್ಥಿಯು ಪರೀಕ್ಷೆಯವರೆಗೆ ಉಳಿಯುವುದು ಸಂದೇಹ. ಆ ಕಾಲದಲ್ಲಿ ಯಾರನ್ನು ಏನು ಕೇಳಿದರೂ “ಹತ್ತು ನಿಮಿಷದ ದಾರಿ” ಎಂಬುದೇ ಉತ್ತರ. ದೇವರಾಜ ಮಾರುಕಟ್ಟೆಯು ಹತ್ತು ನಿಮಿಷ, ರೈಲು ನಿಲ್ದಾಣವು ಹತ್ತು ನಿಮಿಷ, ಆಸ್ಪತ್ರೆಯು ಹತ್ತು ನಿಮಿಷ. ಇಂದಿಗೂ ಇಲ್ಲಿನ ಜನರು ಅದನ್ನೇ ಹೇಳುತ್ತಾರೆ, ಮತ್ತು ಮುಕ್ಕಾಲು ಗಂಟೆ ತಡವಾಗಿ ಬರುತ್ತಾರೆ. ಅಗ್ರಹಾರದಲ್ಲಿರುವ ನಮ್ಮ ಸಹಪಾಠಿಯೊಬ್ಬರನ್ನು ನಾವು ಬೈಸಿಕಲ್ಲಿನ ಮೇಲೆ ದಿನವೂ ಸಂಧಿಸುತ್ತಿದ್ದವರು ಕ್ರಮೇಣ ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ಕಾಣುವಂತಾಗಿ, ಈಗ ಹಬ್ಬಹರಿದಿನಗಳಲ್ಲಿ ದೂರವಾಣಿಯಲ್ಲಿ ಕುಶಲಪ್ರಶ್ನೆಗಳನ್ನು ಮಾಡಿಕೊಳ್ಳುತ್ತೇವೆ. ಇಬ್ಬರೂ ಒಂದೇ ಊರಿನಲ್ಲಿದ್ದೇವೆ. ನಮ್ಮೊಳಗೆ ಜಗಳವೇನೂ ಇಲ್ಲ.

ಮಹಾನಗರಕ್ಕೆ ತಾನು ದೊಡ್ಡದೆಂಬ ಅರಿವಾದರೂ ಇರುತ್ತದೆ. ಬೆಂಗಳೂರಿನವರು ಎಷ್ಟು ಗೋಳಾಡಿದರೂ, ೨೦೧೧ರಿಂದ ಅವರಿಗೆ ಮೆಟ್ರೋ ರೈಲಿದೆ. ನಮ್ಮಂಥ ನಡುತರದ ಊರಾದರೋ, ಉಪನಯನಕ್ಕೆ ಹೊಲಿಸಿದ ಅಂಗಿಯನ್ನು ಮದುವೆಗೂ ತೊಡಲು ಹವಣಿಸುವ ವರನಂತೆ, ಅಲ್ಲಲ್ಲಿ ಹರಿಯುತ್ತ, ಏನೂ ಆಗಿಲ್ಲವೆಂಬಂತೆ ನಿಂತಿದೆ. ೨೦೨೩ರ ಮಾರ್ಚಿಯಲ್ಲಿ ಹೊಸ ಹೆದ್ದಾರಿಯು ತೆರೆದ ಮೇಲೆ ಶನಿವಾರ ಭಾನುವಾರಗಳಲ್ಲಿ ಅರಮನೆಯ ಸುತ್ತಮುತ್ತ ಹೋಗುವ ಸಾಹಸವನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಅತಿಥಿಗಳು ಬರುವುದು ಸಂತೋಷವೇ ಸರಿ. ಅವರಿಗಾಗಿ ಮನೆಯವರು ಹೊರಗೆ ಕಾಲಿಡದಂತಾಗುವುದು ಮಾತ್ರ ವಿಚಿತ್ರವಾಗಿದೆ.

ಊರು ಬೆಳೆಯಬಾರದೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಬೆಳೆಯುವುದನ್ನು ಈ ಊರು ಹಿಂದೆ ಚೆನ್ನಾಗಿಯೇ ಅರಿತಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಕೋಟೆಯ ಸುತ್ತಣ ಇಕ್ಕಟ್ಟಾದ ಬೀದಿಗಳು ಭಯಂಕರವಾದಾಗ, ೧೯೦೩ರಲ್ಲಿ ಇಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಇಡೀ ದೇಶದಲ್ಲಿ ಇಂಥ ಮೊದಮೊದಲ ಮಂಡಲಿಗಳಲ್ಲಿ ಅದೂ ಒಂದು. ಆ ಕಾಲದ ಚಾಮರಾಜಪುರಂ, ಲಕ್ಷ್ಮೀಪುರಂ ಮೊದಲಾದ ಬಡಾವಣೆಗಳಲ್ಲಿ ಈಗಲೂ ನಡೆದಾಡಿ ನೋಡಬಹುದು: ಅಗಲವಾದ ಬೀದಿ, ಎರಡು ಕಡೆಯೂ ನೆರಳು, ಮನೆಗಳ ಹಿಂದೆ ‘ಕನ್ಸರ್ವೆನ್ಸಿ’ ಎಂದು ಎಲ್ಲರೂ ಕರೆಯುವ ಓಣಿ. ಕಸವನ್ನು ಒಯ್ಯುವವನಿಗೂ ಒಂದು ದಾರಿಯನ್ನು ಬಿಟ್ಟ ಜನ ಅವರು. ಈಚಿನ ಬಡಾವಣೆಗಳಲ್ಲಿ ನಡೆಯುವವನಿಗೇ ದಾರಿಯಿಲ್ಲ. ಕಾಲುದಾರಿ ಎಂದು ಕಲ್ಲು ಹಾಸಿದ ಜಾಗದಲ್ಲಿ ಮೊದಲು ವಿದ್ಯುತ್ತಿನ ಪೆಟ್ಟಿಗೆ, ಅನಂತರ ಮರಳಿನ ರಾಶಿ, ಆಮೇಲೆ ನಿಲ್ಲಿಸಿದ ಕಾರು, ಅದರಾಚೆಗೆ ಪ್ರತಿಯೊಂದು ಮನೆಯವರೂ ತಮ್ಮ ವಾಹನವು ಹತ್ತಿ ಇಳಿಯುವುದಕ್ಕಾಗಿ ಕಟ್ಟಿಸಿಕೊಂಡ ಇಳಿಜಾರು. ಇದನ್ನು ಬರೆಯುವಾಗ ಲೇಖನಿಯು ಸ್ವಲ್ಪ ತಡೆಯಿತು; ಅದೇತಕ್ಕೆಂದರೆ ಅಂಥ ಇಳಿಜಾರು ನಮ್ಮ ಮನೆಯ ಮುಂದೆಯೂ ಇದೆ. ಸ್ಕೂಟರಿಗಾಗಿ ನಾವೇ ನಿಂತು ಕಟ್ಟಿಸಿದ್ದು.

ಧೂಳಿನ ವಿಷಯದಲ್ಲಿ ನಮಗೊಂದು ಶಾಸ್ತ್ರಸಮ್ಮತವಾದ ಸಮಾಧಾನವುಂಟು. ‘ನಗ’ವೆಂದರೆ ಚಲಿಸದಿರುವುದು, ಮರವೂ ನಗವೇ, ಬೆಟ್ಟವೂ ನಗವೇ. ಅವುಗಳನ್ನುಳ್ಳದ್ದು ನಗರ. ಚಾಮುಂಡಿಬೆಟ್ಟವನ್ನೂ ಸಾಲುಮರಗಳನ್ನೂ ನೋಡಿದರೆ ಈ ಹೆಸರು ನಮ್ಮ ಊರಿಗೆ ಎಷ್ಟು ಒಪ್ಪುತ್ತದೆ! ಆದರೆ ನಗರ ಶಬ್ದವನ್ನು ಸಾಧಿಸುವ ವಾರ್ತಿಕವೇ ಅದರೊಡನೆ ಪಾಂಸುರ, ಪಾಂಡುರ ಎಂಬೆರಡು ಶಬ್ದಗಳನ್ನೂ ಸಾಧಿಸುತ್ತದೆ. ಪಾಂಸುರವೆಂದರೆ ಧೂಳಿನಿಂದ ಕೂಡಿದ್ದು, ಪಾಂಡುರವೆಂದರೆ ಬಿಳಿಚಿಕೊಂಡದ್ದು. ವಿದ್ಯಾರ್ಥಿದೆಸೆಯಲ್ಲಿ ಈ ಮೂರನ್ನೂ ಒಟ್ಟಿಗೆ ಬಾಯಿಪಾಠ ಮಾಡಿದೆವೇ ಹೊರತು, ಮೂರನ್ನೂ ಒಟ್ಟಿಗೆ ಕಣ್ಣಾರೆ ಕಾಣುವ ಯೋಗವಿದೆಯೆಂದು ತಿಳಿದಿರಲಿಲ್ಲ. ೨೦೨೫ರ ಏಪ್ರಿಲಿನಲ್ಲಿ ಹೈದರಾಲಿ ರಸ್ತೆಯ ಅಗಲೀಕರಣಕ್ಕಾಗಿ ೪೦ ಮರಗಳನ್ನು ಕಡಿದುಹಾಕಿದಾಗ ಊರಿನ ಅನೇಕರು ಮರುಗಿದರು, ಪ್ರತಿಭಟಿಸಿದರು. ಕಡಿದದ್ದು ಕಡಿದಂತೆಯೇ ಆಯಿತು.

ಕಸದ ಮಾತನ್ನು ಬೆಳೆಸುವುದಿಲ್ಲ. ೨೦೧೫ರಲ್ಲಿಯೂ ೨೦೧೬ರಲ್ಲಿಯೂ ದೇಶದ ಸ್ವಚ್ಛನಗರಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆದ ಊರು ಇದು; ನಮ್ಮ ಬೀದಿಯ ಪೌರಕಾರ್ಮಿಕರು ಬೆಳಗಾಗುವುದರೊಳಗೆ ಬಂದು ಗುಡಿಸುತ್ತಾರೆ. ಆದರೆ ಮೂಲೆಯ ಖಾಲಿ ನಿವೇಶನದ ಯಜಮಾನರು ಎಲ್ಲಿಯೋ ದೂರದಲ್ಲಿದ್ದುಕೊಂಡು ಬೆಲೆಯೇರುವುದನ್ನು ಕಾಯುತ್ತಿದ್ದಾರೆ. ಅವರು ಕಾಯುವವರೆಗೂ ಅದು ಸುತ್ತಣ ನಲವತ್ತು ಮನೆಗಳ ಕಸದ ಹೊಂಡ.

ಇನ್ನು ನೀರು. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವುಂಟು; ಮೊದಲೇ ಹೇಳಿದ್ದರೆ ಮೇಲಿನ ದೂರುಗಳನ್ನೆಲ್ಲ ಬರೆಯಲು ನಮಗೆ ಧೈರ್ಯ ಸಾಲುತ್ತಿರಲಿಲ್ಲ.

ನಮ್ಮ ಸಮೀಪದ ಲಿಂಗಾಂಬುಧಿ ಕೆರೆಯು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿಯವರ ಹೆಸರಿನಲ್ಲಿ ೧೮೨೮ರಲ್ಲಿ ಕಟ್ಟಿಸಿದ್ದು. ಅದರ ಮಗ್ಗುಲಲ್ಲಿ ಒಂದು ಹಳೆಯ ಹಳ್ಳಿ. ಈಗ ಅದನ್ನು ನಮ್ಮ ಬಡಾವಣೆಗಳು ಸುತ್ತುವರಿದು ನುಂಗಿಕೊಂಡಿವೆ. ಆ ಹಳ್ಳಿಯ ಒಬ್ಬ ಅಜ್ಜಿಯಿಂದ ನಾವು ಬಂದ ಮೊದಲ ದಿನದಿಂದಲೂ ವರ್ತನೆಯ ಹಾಲನ್ನು ಕೊಳ್ಳುತ್ತಿದ್ದೆವು. ಆಗ ಆಕೆಗೆ ನಾಲ್ಕು ಹಸುಗಳೂ, ಹಿತ್ತಲಿನಲ್ಲಿ ಒಂದು ಸೇದುವ ಬಾವಿಯೂ ಇದ್ದುವು. ನಮ್ಮ ಮನೆಯನ್ನು ಕಟ್ಟುವಾಗ ಗಾರೆಗೆ ಬೇಕಾದ ನೀರು ಸಾಲದೆ ಹೋದಾಗ, ಆ ಬಾವಿಯಿಂದಲೇ ಹೊತ್ತು ತಂದೆವು. ಆಕೆ ಒಂದು ಕಾಸನ್ನೂ ಕೇಳಲಿಲ್ಲ.

೨೦೦೩ನೆಯ ಇಸವಿಯ ಬರಗಾಲದಲ್ಲಿ ನಲ್ಲಿಯ ನೀರು ಬಹಳ ಕಡಿಮೆಯಾಯಿತು. ಆಗ ನಾವು ಭವಿಷ್ಯನಿಧಿಯಿಂದ ಸಾಲವನ್ನೆತ್ತಿ ೨೪೦ ಅಡಿ ಕೊಳವೆಬಾವಿಯನ್ನು ತೋಡಿಸಿದೆವು. ಬೀದಿಯಲ್ಲಿ ಅನೇಕರು ಹಾಗೆಯೇ ಮಾಡಿದರು. ನೀರು ಬಿದ್ದ ದಿನ ನಾವು ಅಜ್ಜಿಗೂ ಸಿಹಿಯನ್ನು ಕೊಟ್ಟೆವೆಂಬುದು ನೆನಪಿದೆ. ನಾಲ್ಕೈದು ವರ್ಷಗಳೊಳಗೆ ಆಕೆಯ ಬಾವಿಯು ಬತ್ತಿಹೋಯಿತು. ನಮ್ಮ ಬಾವಿಯಿಂದಲೇ ಬತ್ತಿತೆಂದು ಪ್ರಮಾಣ ಮಾಡಿ ಹೇಳಲಾಗದು. ಹೊಲಗಳು ಹೋಗಿ ಕಾಂಕ್ರೀಟಾಯಿತು, ಮಳೆಯ ನೀರು ಇಂಗಲಿಲ್ಲ, ಇನ್ನೂ ಆಳವಾದ ಬಾವಿಗಳನ್ನು ತೋಡಿದವರಿದ್ದಾರೆ. ತರ್ಕದಲ್ಲಿ ನಮ್ಮನ್ನು ಯಾರೂ ಸೋಲಿಸಲಾರರು.

ಹಸುಗಳು ನಾಲ್ಕರಿಂದ ಎರಡಾಗಿ, ಒಂದಾದುವು. ಹಾಲು ಪೊಟ್ಟಣದಲ್ಲಿ ಬರತೊಡಗಿತು. ಅಜ್ಜಿಯನ್ನು ನಾವು ಮರೆತೆವೆಂದೇ ಹೇಳಬೇಕು. ಮಿತ್ರರು ಬಂದುಹೋದ ಮರುದಿನ ಬೆಳಗ್ಗೆ ನಾವು ಕೆರೆಯ ಕಡೆಗೆ ಹೊರಟಿದ್ದಾಗ, ಆಕೆ ಬೀದಿಯ ತುದಿಯಲ್ಲಿ ಪ್ಲಾಸ್ಟಿಕ್ ಬಿಂದಿಗೆಯೊಡನೆ ಟ್ಯಾಂಕರನ್ನು ಕಾಯುತ್ತ ಕುಳಿತಿದ್ದರು. ನಮ್ಮನ್ನು ಕಂಡು, “ಏನ್ ಮೇಷ್ಟ್ರೇ, ನಿಮ್ಮ ಬೋರಲ್ಲಿ ಇನ್ನೂ ನೀರು ಬತ್ತದಾ?” ಎಂದು ಕೇಳಿದರು. ಕುಹಕವಿರಲಿಲ್ಲ, ಕಾಯಿಲೆಯ ಮನೆಯವರನ್ನು ವಿಚಾರಿಸುವಂತೆ ಕೇಳಿದರು.

“ಬರುತ್ತದೆ ಅಜ್ಜಿ, ಮೊದಲಿನಷ್ಟಿಲ್ಲ” ಎಂದೆವು.

“ಬತ್ತಾ ಇರ್ಲಿ ಬುಡಿ. ನಮ್ದಂತೂ ಹೋಯ್ತು. ಮೊಮ್ಮಗ ಮುಚ್ಚಾಕಿ ಸ್ಕೂಟ್ರು ನಿಲ್ಲಿಸ್ಕೊಂಡವ್ನೆ.”

ಮನೆಗೆ ಬಂದು ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಮಾಳಿಗೆಯ ಮಳೆನೀರು ಇಷ್ಟು ವರ್ಷವೂ ಚರಂಡಿಗೆ ಹೋಗುತ್ತಿದ್ದಿತು; ಕೊಳವೆಬಾವಿಯ ಪಕ್ಕದಲ್ಲಿ ಗುಂಡಿಯನ್ನು ತೋಡಿಸಿ, ಜಲ್ಲಿ ತುಂಬಿಸಿ, ಅದನ್ನು ಅಲ್ಲಿಗೆ ತಿರುಗಿಸಿದ್ದಾಯಿತು. ಎರಡು ದಿನದ ಕೆಲಸ. ಅದನ್ನು ಮಾಡಲು ಇಪ್ಪತ್ತು ವರ್ಷ ಹಿಡಿಯಿತು. ಕಾಂಪೌಂಡಿನ ಹೊರಮಗ್ಗುಲಿಗೆ ಒಂದು ನಲ್ಲಿಯನ್ನೂ ಹಾಕಿಸಿದೆವು. ಇಳಿಜಾರನ್ನು ಕಿತ್ತುಹಾಕಿಸುವುದಕ್ಕೆ ನಮ್ಮ ಮಗನು ಒಪ್ಪುತ್ತಿಲ್ಲ. ಆ ವ್ಯಾಜ್ಯವು ಇನ್ನೂ ನಡೆಯುತ್ತಿದೆ.

ಅಜ್ಜಿಯು ಈಗ ದಿನವೂ ಹಸುವಿಗಾಗಿ ಎರಡು ಬಿಂದಿಗೆ ನೀರನ್ನು ಹಿಡಿದುಕೊಂಡು ಹೋಗುತ್ತಾರೆ. ಹೋದ ಶನಿವಾರ ಹಾಗೆ ಬಂದವರು, ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಗುಡಿಯ ಗಂಟೆಯನ್ನು ಕೇಳುತ್ತಿರುವುದನ್ನು ಕಂಡು, ಕಾರಣವನ್ನು ವಿಚಾರಿಸಿದರು. “ಅಷ್ಟೇನಾ ಅಮ್ಮಾವ್ರೇ, ಬನ್ನಿ” ಎಂದು ಕೈ ಹಿಡಿದುಕೊಂಡು ಹೊರಟೇಬಿಟ್ಟರು. ನಾವು ಜಗಲಿಯಿಂದ ನೋಡುತ್ತಿದ್ದೆವು. ಆಕೆ ಸೀದಾ ರಸ್ತೆಯೊಳಕ್ಕೆ ಇಳಿದು, ಬೆದರಿದ ಎತ್ತುಗಳಿಗೆ ಅಡ್ಡಗಟ್ಟುವವರಂತೆ ಒಂದು ಕೈಯನ್ನೆತ್ತಿ “ಹೋ” ಎಂದರು. ಒಂದು ಬಸ್ಸೂ ನಾಲ್ಕಾರು ಕಾರುಗಳೂ ನಿಂತುವು. ನಡುಗೋಡೆಯ ಮೇಲೆ ಇಬ್ಬರೂ ಕುಳಿತು, ಕಾಲುಗಳನ್ನು ಒಂದೊಂದಾಗಿ ಆಚೆಗೆ ಹಾಕಿ, ಅತ್ತ ಕಡೆಯ ವಾಹನಗಳನ್ನೂ ಅದೇ ರೀತಿ ನಿಲ್ಲಿಸಿ ದಾಟಿದರು.

ಹಿಂದಿರುಗುವಾಗ ಅಜ್ಜಿಗೆ ಹಾಲು ಕರೆಯುವ ಹೊತ್ತಾಗಿ ಮೊದಲೇ ಹೊರಟುಹೋಗಿದ್ದರಂತೆ. ನಮ್ಮ ಮನೆಯವರು ಆಟೋದಲ್ಲಿ, ವೃತ್ತವನ್ನು ಬಳಸಿಕೊಂಡು ಬಂದರು.