ಚಂದ್ರಕಾಂತದ ಬೆಲೆ

ರಾಮದುರ್ಗ ತಾಲೂಕಿನ ಕಟಕೋಳದಿಂದ ಸದ್ಭಕ್ತರೊಬ್ಬರು ಬರೆದ ಪತ್ರದ ತಾತ್ಪರ್ಯವಿದು. ತಾಯಿಯವರು ಲಿಂಗೈಕ್ಯರಾದ ಮೇಲೆ, ಅವರ ಇಚ್ಛೆಯಂತೆ ಒಡವೆಗಳನ್ನು ಇಬ್ಬರು ಹೆಣ್ಣುಮಕ್ಕಳಿಗೆ ಹಂಚಬೇಕಾಗಿದೆ. ಎರಡು ತೊಲೆಯ ಪಾಟಲಿಗಳು ಅಕ್ಕನ ಪಾಲು. ಚಂದ್ರಕಾಂತದ ಹರಳು ಕೂಡಿಸಿದ ಉಂಗುರವೊಂದು ತಂಗಿಯ ಪಾಲು. ಹರಳು ಬಲ್ಲವರೆನಿಸಿಕೊಂಡ ಒಬ್ಬರು ಜಾತ್ರೆಯಲ್ಲಿ ಆ ಉಂಗುರವನ್ನು ನೋಡಿ, ಇದು ಎರಡು ತೊಲೆ ಬಂಗಾರಕ್ಕೆ ಸಮವೆಂದರಂತೆ. ತಂಗಿಯು ಅದನ್ನು ನಂಬಿ ಒಪ್ಪಿದ್ದಾಳೆ. ಈ ಹಂಚಿಕೆ ನ್ಯಾಯವೇ ಎಂಬುದು ಅಣ್ಣನ ಪ್ರಶ್ನೆ.

ಕಾಣದ ಹರಳಿಗೆ ಬೆಲೆ ಕಟ್ಟುವುದು ನಮಗೆ ಸಲ್ಲದು. ಆದರೆ ಪರೀಕ್ಷೆಯಾಗುವ ತನಕ ಆ ತಂಗಿಯು ಒಪ್ಪಿಗೆಯ ಮಾತನ್ನು ತಡೆಹಿಡಿಯಬೇಕೆಂದು ಮೊದಲೇ ಹೇಳಿಬಿಡುತ್ತೇವೆ. ನಮಗೆ ತಿಳಿದ ಮಟ್ಟಿಗೆ, ಸಾಧಾರಣ ಚಂದ್ರಕಾಂತದ ಹರಳು ಎರಡು ತೊಲೆಯ ಮಾತಿರಲಿ, ಒಂದು ಗ್ರಾಮು ಬಂಗಾರದ ಬೆಲೆಯನ್ನೂ ಮುಟ್ಟಲಾರದು.

ಇಷ್ಟು ಸಾಮಾನ್ಯ ಬೆಲೆಯ ಕಲ್ಲಿಗೆ ಅಷ್ಟು ದೊಡ್ಡ ಹೆಸರು ಬಂದುದು ಕಾವ್ಯದಿಂದ. ಬೆಳದಿಂಗಳು ಸೋಕಿದೊಡನೆ ನೀರೊಸರುವ ಶಿಲೆಯೆಂದು ಕವಿಗಳು ಚಂದ್ರಕಾಂತವನ್ನು ವರ್ಣಿಸಿದರು. ಹರಳು ಮಾರುವ ಕೆಲವರು ಈ ಕವಿಸಮಯವನ್ನೇ ಪರೀಕ್ಷೆಯೆಂದು ಹೇಳಿ, ಹುಣ್ಣಿಮೆಯ ರಾತ್ರಿ ಅಂಗಳದಲ್ಲಿಟ್ಟು ನೋಡಿರೆನ್ನುತ್ತಾರೆ. ಚಳಿಗಾಲದ ರಾತ್ರಿ ಅಂಗಳದಲ್ಲಿ ಬಿಟ್ಟ ಬೀಸುವ ಕಲ್ಲಿನ ಮೇಲೆಯೂ ಇಬ್ಬನಿ ಕೂಡುತ್ತದೆ. ಅದರಿಂದ ಬೀಸುವ ಕಲ್ಲು ಚಂದ್ರಕಾಂತವಾಗದು. ನವರತ್ನಗಳ ಎಣಿಕೆಯಲ್ಲಿಯೂ ಈ ಕಲ್ಲು ಇಲ್ಲ. ಅಲ್ಲಿ ಚಂದ್ರನಿಗೆ ಹೇಳಿರುವುದು ಮುತ್ತು. ಚಂದ್ರಕಾಂತವನ್ನು ಅದರ ಬದಲಿಗೆ ಉಪರತ್ನವೆಂದು ಕೊಡುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆಯು ಬರುವುದು ಅರಸನ ಬೊಕ್ಕಸದ ಪ್ರಕರಣದಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಹಿರಿಯರಿಗೆ ಅದು ಲೆಕ್ಕದ ವಿಷಯವಾಗಿತ್ತು.

ಹಾಗಾದರೆ ಈ ಕಲ್ಲು ಯಾವುದು? ಇಳಕಲ್ಲಿನ ಕೆಂಪು ಗ್ರಾನೈಟನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಆ ಕೆಂಪು ಬಣ್ಣವನ್ನು ಕೊಡುವ ಖನಿಜಕ್ಕೆ ಫೆಲ್ಡ್‌ಸ್ಪಾರ್ ಎಂದು ಹೆಸರು. ಚಂದ್ರಕಾಂತವು ಅದೇ ಬಳಗದ್ದು. ಭೂಗರ್ಭದಲ್ಲಿ ಕಾದ ಖನಿಜವು ನಿಧಾನವಾಗಿ ಆರುವಾಗ ಅದರೊಳಗಿನ ಪೊಟ್ಯಾಶಿಯಮ್ ಅಂಶವೂ ಸೋಡಿಯಮ್ ಅಂಶವೂ ಬೇರ್ಪಟ್ಟು, ಚಿರೋಟಿಯ ಎಳೆಗಳಂತೆ ಒಂದರ ಮೇಲೊಂದು ಪದರುಗಟ್ಟುತ್ತವೆ. ಒಳಹೊಕ್ಕ ಬೆಳಕು ಈ ಪದರುಗಳಲ್ಲಿ ಚದುರಿ ಹೊರಬರುವುದೇ ಆ ತಂಪು ಕಾಂತಿ. ಪದರುಗಳು ಅತಿ ತೆಳುವಾಗಿದ್ದರೆ ಕಾಂತಿ ನೀಲಿ. ದಪ್ಪವಾಗಿದ್ದರೆ ಹಾಲಿನಂತೆ ಬಿಳಿ. ಬೆಲೆಯ ಏರಿಳಿತಕ್ಕೆ ಮುಖ್ಯ ಕಾರಣವೂ ಇದೇ.

ಉತ್ತಮ ಹರಳು ಬಣ್ಣವಿಲ್ಲದೆ ತಿಳಿನೀರಿನಂತಿದ್ದು, ಅದರ ನಡುವೆ ನೀಲಿಯ ಕಾಂತಿ ತೇಲುತ್ತಿರಬೇಕು. ಶ್ರೀಲಂಕೆಯ ಮೀಟಿಯಾಗೊಡ ಇಂತಹ ಹರಳಿಗೆ ಹೆಸರಾದ ಸ್ಥಳ, ಬರ್ಮಾದಿಂದಲೂ ಬರುತ್ತಿತ್ತು. ಈಗ ಅಂತಹ ಕಲ್ಲು ವಿರಳವಾದುದರಿಂದ ಅದರ ಬೆಲೆ ಬೇರೆಯೇ. ನಮ್ಮ ದಕ್ಷಿಣದಲ್ಲಿ, ಹೋರಿಗಳಿಗೆ ಪ್ರಸಿದ್ಧವಾದ ತಮಿಳುನಾಡಿನ ಕಾಂಗೇಯಂ ಸೀಮೆಯಲ್ಲಿಯೂ ಚಂದ್ರಕಾಂತ ದೊರೆಯುತ್ತದೆ. (ಒಕ್ಕಲಿಗರಿಗೆ ಹೋರಿಯೇ ಹೆಚ್ಚಿನ ರತ್ನವೆಂದರೆ ನಾವು ವಾದಿಸೆವು.) ಭಾರತದ ಹರಳುಗಳಲ್ಲಿ ಬೂದು, ಕಂದು, ನಸುಗೆಂಪು, ನಸುಹಸಿರು ಛಾಯೆಗಳೇ ಹೆಚ್ಚು. ಅವು ಅಪ್ಪಟವಾದರೂ ಅಗ್ಗ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಇದು. ಕತ್ತಲ ಕೋಣೆಯಲ್ಲಿ ಒಂದೇ ದೀಪ ಹಚ್ಚಿ, ಅದರ ಕೆಳಗೆ ಉಂಗುರವನ್ನು ಮೆಲ್ಲಗೆ ಓಲಾಡಿಸಬೇಕು. ಕಾಂತಿಯು ಹರಳಿನ ಮೇಲೆ ಮೋಡದಂತೆ ಜಾರಬೇಕು, ಒಂದು ಓರೆಯಲ್ಲಿ ಪೂರ್ತಿ ಮಾಯವಾಗಬೇಕು. ನೇರವಾಗಿ ನೋಡುವಾಗ ಕಾಂತಿಯು ನಟ್ಟನಡುವೆ ನಿಂತರೆ ಕಡೆದವನು ಪದರನ್ನು ಅರಿತು ಕಡೆದಿದ್ದಾನೆ. ಅಂಚಿಗೆ ಸರಿದಿದ್ದರೆ ಬೆಲೆ ಇಳಿಯುತ್ತದೆ. ಯಾವ ಓರೆಯಲ್ಲಿಯೂ ಬದಲಾಗದೆ ಒಂದೇ ಸಮನೆ ನೀಲಿಯಾಗಿದ್ದು, ಬೆಳಕಿಗೆ ಅಡ್ಡ ಹಿಡಿದಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ಬಹುತೇಕ ಗಾಜು. ಪತ್ತಾರರ ಭೂತಗನ್ನಡಿಯಲ್ಲಿ ದುಂಡನೆಯ ಗುಳ್ಳೆಗಳು ಕಂಡರೆ ಸಂದೇಹವೇ ಬೇಡ. ಕಾಮನಬಿಲ್ಲಿನ ಹಲವು ಬಣ್ಣಗಳು ಮಿಂಚಿದರೆ ಅದು ಪೇಟೆಯಲ್ಲಿ ‘ರೇನ್‌ಬೋ ಮೂನ್‌ಸ್ಟೋನ್’ ಎಂದು ಮಾರುವ ಲ್ಯಾಬ್ರಡೊರೈಟ್. ಸುಳ್ಳು ಕಲ್ಲಲ್ಲ, ಅದೇ ಬಳಗದ ಬೇರೆ ಕಲ್ಲು. ಹಳೆಯ ಉಂಗುರದ ಹಿಂಬದಿ ಮುಚ್ಚಿದ್ದರೆ, ಒಳಗೆ ತಗಡನ್ನೋ ಬಣ್ಣವನ್ನೋ ಇಟ್ಟು ಕಾಂತಿ ಹೆಚ್ಚಿಸಿರುವ ಸಾಧ್ಯತೆಯುಂಟು. ಅಂತಹದನ್ನು ಬಿಡಿಸದೆ ಬೆಲೆ ಹೇಳುವವರ ಮಾತನ್ನು ಕೇಳಬಾರದು.

ಕಟಕೋಳದವರಿಗೆ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಸವದತ್ತಿ, ರಾಮದುರ್ಗದ ಗುಡ್ಡಗಳು ಬಹುಮಟ್ಟಿಗೆ ಬೆಣಚು ಮರಳಿನಿಂದಾದ ಗಟ್ಟಿ ಶಿಲೆಗಳು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಕ್ರಮದಲ್ಲಿ ಬೆಣಚಿಗೆ 7, ಚಂದ್ರಕಾಂತಕ್ಕೆ 6ರಿಂದ 6.5. ಆದುದರಿಂದ ನಮ್ಮ ನೆಲದ ಧೂಳೇ ಈ ಹರಳನ್ನು ಗೀರುತ್ತದೆ. ಆ ತಾಯಿಯವರು ಉಂಗುರವನ್ನು ಹಲವು ವರುಷ ದಿನವೂ ಧರಿಸಿ ಹೊಲಮನೆ ಕೆಲಸ ಮಾಡಿದ್ದರೆ ಹರಳಿನ ನೆತ್ತಿ ಮಸುಕಾಗಿರಲೇಬೇಕು. ಕನ್ನಡಿಯಂತೆ ನುಣುಪಾಗಿದ್ದರೆ ಒಂದೋ ಅದು ಪೆಟ್ಟಿಗೆಯಲ್ಲಿಯೇ ಉಳಿದಿತ್ತು, ಇಲ್ಲವೇ ಮರಳಿ ಹೊಳಪು ಕೊಟ್ಟಿದ್ದಾರೆ, ಇಲ್ಲವೇ ಕಲ್ಲೇ ಬೇರೆ. ಅವರು ಅದನ್ನು ಎಂದೆಂದು ಧರಿಸುತ್ತಿದ್ದರೆಂಬುದು ಆ ಹೆಣ್ಣುಮಕ್ಕಳಿಗೇ ಗೊತ್ತು.

ಬೆಲೆಯ ಲೆಕ್ಕಕ್ಕೆ ಬಂಗಾರವೇ ಬೇರೆ, ಹರಳೇ ಬೇರೆ. ಪತ್ತಾರರಿಂದ ಹರಳನ್ನು ಬಿಡಿಸಿ ಎರಡನ್ನೂ ಪ್ರತ್ಯೇಕ ತೂಗಿಸಬೇಕು. ಹರಳಿನ ತೂಕ ಕ್ಯಾರಟ್ಟಿನಲ್ಲಿ. 5 ಕ್ಯಾರಟ್ ಕೂಡಿದರೆ 1 ಗ್ರಾಮು. ಹಾಲ್‌ಮಾರ್ಕ್ ಮುದ್ರೆಯಿದ್ದರೂ ಅದು ಬಂಗಾರದ ಶುದ್ಧತೆಗೆ ಸಾಕ್ಷಿಯೇ ಹೊರತು ಹರಳಿಗಲ್ಲ. ಹರಳು ತಿಳಿಯಾಗಿ, ನೀಲಿ ಕಾಂತಿಯಿಂದ ಕೂಡಿದ್ದರೆ ಮಾತ್ರ ಜೈಪುರದಂತಹ ಕಡೆಯ ರತ್ನಪರೀಕ್ಷಾಲಯಕ್ಕೆ ಕಳುಹಿಸಿ ಪ್ರಮಾಣಪತ್ರ ತರಿಸುವುದು ಸಾರ್ಥಕ. ಬಿಳಿ ಮಬ್ಬಿನ ಹರಳಾದರೆ ಪರೀಕ್ಷೆಯ ವೆಚ್ಚವೇ ಹರಳನ್ನು ಮೀರೀತು. ಲೆಕ್ಕ ಬಂದ ಮೇಲೆ, ಉಂಗುರಕ್ಕೂ ಪಾಟಲಿಗೂ ಇರುವ ಅಂತರದ ಅರ್ಧವನ್ನು ಅಕ್ಕನವರು ತಂಗಿಗೆ ತುಂಬಿಕೊಡುವುದು ಧರ್ಮ. ತಾಯಿಯ ನೆನಪಿಗಾಗಿ ಉಂಗುರವೇ ಬೇಕೆಂದು ತಂಗಿಯು ಹೇಳಿದರೂ ಈ ಲೆಕ್ಕವನ್ನು ಬಿಡಕೂಡದು. ನೆನಪಿನ ಬೆಲೆಯನ್ನು ಅವಳ ಪಾಲಿನಿಂದ ಕಳೆಯಲು ಯಾರಿಗೂ ಅಧಿಕಾರವಿಲ್ಲ.

ಉಂಗುರವನ್ನು ಪತ್ತಾರರಲ್ಲಿಗೆ ಒಯ್ದಾಗ ಒಂದು ಎಚ್ಚರಿಕೆ ಬೇಕು. ಈ ಕಲ್ಲು ಎರಡು ದಿಕ್ಕುಗಳಲ್ಲಿ ಸುಲಭವಾಗಿ ಸೀಳುತ್ತದೆ. ಹರಳು ಕೂಡಿದ್ದಂತೆಯೇ ಬೆಂಕಿಯ ಉರಿ ತೋರಿಸಬಾರದೆಂದೂ, ಯಂತ್ರದಲ್ಲಿ ಹಾಕಿ ತೊಳೆಯಬಾರದೆಂದೂ, ಕಲ್ಲನ್ನು ಗೀರಿ ನೋಡಬಾರದೆಂದೂ ಮೊದಲೇ ಹೇಳಬೇಕು. ಉಗುರುಬೆಚ್ಚಗಿನ ಸಾಬೂನು ನೀರೂ ಮೆತ್ತನೆಯ ಅರಿವೆಯೂ ಸಾಕು.