ಉಕ್ಕಿಗೊಂದು ಅಂಗಿ

ಹತ್ತನೇ ತರಗತಿಯಲ್ಲಿ ತುಕ್ಕಿನ ಪಾಠ ನಡೆದಿತ್ತು. ಮೂರು ಪ್ರನಾಳ, ಮೂರು ಮೊಳೆ. ಗಾಳಿ ಮತ್ತು ನೀರು ಎರಡೂ ತಾಗಿದ ಮೊಳೆಗೆ ಮಾತ್ರ ತುಕ್ಕು. ಚಿತ್ರ ಬರೆಸಿ, ಪರೀಕ್ಷೆಗೆ ಇದು ಮುಖ್ಯ ಎಂದು ಎಚ್ಚರಿಸಿ ಪುಸ್ತಕ ಮುಚ್ಚಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಊರಿನ ಕಮ್ಮಾರರು.

“ಸಾರ್, ನಮ್ಮಪ್ಪ ಮಾಡಿದ ಹೊಸ ಮಚ್ಚು ಮೊದಮೊದಲು ಬೇಗ ಮೊಂಡಾಗುತ್ತೆ. ಎರಡು ಮೂರು ಸಲ ಸಾಣೆ ಹಿಡಿದ ಮೇಲೆ ಅದೇ ಮಚ್ಚು ಚೆನ್ನಾಗಿ ಕಡಿಯುತ್ತೆ. ಯಾಕೆ ಸಾರ್?”

“ನಾಳೆ ಹೇಳ್ತೀನಿ, ಕೂತ್ಕೋ” ಎಂದೆ. ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಸಂಜೆ ಅವರ ಕುಲುಮೆಗೇ ಹೋದೆ. ಹುಡುಗನ ತಂದೆ ನಕ್ಕರು. “ಎರಡು ಮೂರು ಸಾಣೆ ಆಗೋ ತನಕ ಯಾರು ಕಾಯ್ತಾರೆ ಮೇಷ್ಟ್ರೇ? ಅಷ್ಟರಲ್ಲಿ ಗಿರಾಕಿ ವಾಪಸ್ ತಂದು ಎಸೆದಿರ್ತಾನೆ. ಉಕ್ಕು ಸರಿಯಿಲ್ಲ, ಮೋಸ ಮಾಡಿದೆ ಅಂತಾನೆ.” ನಕ್ಕರೂ ಆ ಮಾತಿನಲ್ಲಿ ನೋವಿತ್ತು.

ಅವರು ಬಳಸುತ್ತಿದ್ದುದು ಲಾರಿಯ ಹಳೆಯ ಕಮಾನು ಪಟ್ಟಿ. ಒಳ್ಳೆಯ ಉಕ್ಕೇ. ಅದರಲ್ಲಿ ಶೇಕಡಾ 0.6ರಷ್ಟು ಇಂಗಾಲ ಇರುತ್ತದೆ. ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಉಕ್ಕು ಗಡುಸಾಗುವುದು ಈ ಇಂಗಾಲದಿಂದಲೇ. ಹಾಗಿದ್ದರೆ ತಪ್ಪೆಲ್ಲಿ?

ಮಕ್ಕಳೇ, ಕೆಂಪಗೆ ಕಾದ ಉಕ್ಕಿಗೆ ಗಾಳಿ ತಾಗಿದರೆ ಎರಡು ಕ್ರಿಯೆಗಳು ನಡೆಯುತ್ತವೆ. ಒಂದು ಕಣ್ಣಿಗೆ ಕಾಣುತ್ತದೆ: ಕಬ್ಬಿಣ ಆಮ್ಲಜನಕದೊಡನೆ ಸೇರಿ ಕಪ್ಪು ಹೊಪ್ಪಳೆಯಾಗಿ ಉದುರುತ್ತದೆ. ಇನ್ನೊಂದು ಕಾಣುವುದಿಲ್ಲ. ಮೇಲ್ಮೈಯ ಇಂಗಾಲವೂ ಆಮ್ಲಜನಕದೊಡನೆ ಸೇರಿ ಅನಿಲವಾಗಿ ಹಾರಿಹೋಗುತ್ತದೆ. ಆ ಸ್ಥಳ ತುಂಬಲು ಒಳಗಿನ ಇಂಗಾಲ ಹೊರಕ್ಕೆ ಸರಿಯುತ್ತದೆ, ಅದೂ ಹಾರಿಹೋಗುತ್ತದೆ. ಹೊತ್ತು ಹೆಚ್ಚಾದಷ್ಟೂ ಈ ನಷ್ಟ ಆಳಕ್ಕೆ ಇಳಿಯುತ್ತದೆ. ಕೊನೆಗೆ ಉಳಿಯುವುದು ಗಡುಸಾದ ಉಕ್ಕಿನ ಮೇಲೆ ಮೆತ್ತನೆ ಕಬ್ಬಿಣದ ಒಂದು ಸಿಪ್ಪೆ.

ಲೆಕ್ಕ ಹಾಕೋಣ. ಎರಡೂ ಪಕ್ಕಗಳಲ್ಲಿ 0.1 ಮಿಲಿಮೀಟರ್ ಆಳದವರೆಗೆ ಇಂಗಾಲ ಹೋಯಿತೆಂದುಕೊಳ್ಳಿ. 5 ಮಿ.ಮೀ. ದಪ್ಪದ ಬೆನ್ನಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಅರ್ಧ ಮಿ.ಮೀ. ದಪ್ಪದ ಬಾಯಿಯಲ್ಲಿ ಐದರಲ್ಲಿ ಎರಡು ಪಾಲು ಮೆತ್ತಗಾಯಿತು! ಸಾಣೆ ಹಿಡಿದಂತೆಲ್ಲ ಸಿಪ್ಪೆ ಸವೆದು ಒಳಗಿನ ಗಡುಸು ಉಕ್ಕು ಹೊರಬರುತ್ತದೆ. ಹುಡುಗನ ಪ್ರಶ್ನೆಗೆ ಉತ್ತರ ಇದೇ.

ಇದನ್ನು ನನಗೆ ತಿಳಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಪೀಣ್ಯದಲ್ಲಿ, ಯಂತ್ರಗಳಿಗೆ ಬೇಕಾದ ಅಲಗುಗಳನ್ನು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವನ ಕೆಲಸ. ಅಲ್ಲಿಗೆ ಹೋದಾಗ ಅವನೊಂದು ವಿಚಿತ್ರ ತೋರಿಸಿದ. ಅಲಗನ್ನು ಕುಲುಮೆಗೆ ಇಡುವ ಮೊದಲು ಹೊಳೆಯುವ ತೆಳು ಹಾಳೆಯೊಳಗಿಟ್ಟು, ಅಂಚುಗಳನ್ನು ಎರಡೆರಡು ಸಲ ಮಡಿಸಿ ಒತ್ತುತ್ತಿದ್ದ. ಅಂಗಡಿಯವರು ಸಕ್ಕರೆ ಪೊಟ್ಟಣ ಕಟ್ಟಿದ ಹಾಗೆ!

ಅದು ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯಲ್ಲ. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಈ ಅಲಗಿನ ಉಕ್ಕಿಗೆ ಡಿ-2 ಎಂದು ಹೆಸರು. ಇದರಲ್ಲಿ ಸುಮಾರು ಶೇಕಡಾ 1.5 ಇಂಗಾಲ, 12 ಕ್ರೋಮಿಯಂ. ಇದನ್ನು ಸುಮಾರು 1010 ಡಿಗ್ರಿಯಲ್ಲಿ ಅರ್ಧ ಗಂಟೆಯಷ್ಟು ಇಡಬೇಕು. ಹಾಗಾಗಿ ಸುತ್ತುವ ಹಾಳೆಯೂ ಉಕ್ಕಿನದೇ: ಸುಮಾರು 0.05 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪೊರೆ ಕಟ್ಟಿ ಹಾಳೆಯನ್ನು ಕಾಯುತ್ತದೆ. ಹಾಳೆ ಅಲಗನ್ನು ಕಾಯುತ್ತದೆ.

“ಪೊಟ್ಟಣದ ಒಳಗೂ ಗಾಳಿ ಇದೆಯಲ್ಲೋ?” ಎಂದೆ. “ಇದೆ ಸಾರ್. ಆದರೆ ಎಷ್ಟಿದೆ? ನೀವೇ ಕಲಿಸಿದ ಲೆಕ್ಕ” ಎಂದ. ಒಳಗೆ 50 ಸಿ.ಸಿ. ಗಾಳಿ ಇದ್ದರೆ ಆಮ್ಲಜನಕ ಸುಮಾರು 10 ಸಿ.ಸಿ. ಅದು ಪೂರ್ತಿ ಕಬ್ಬಿಣದೊಡನೆ ಸೇರಿದರೂ ತಿನ್ನುವುದು ಹೆಚ್ಚೆಂದರೆ 0.05 ಗ್ರಾಂ. ಅಲ್ಲಿಗೆ ಕ್ರಿಯೆ ನಿಲ್ಲುತ್ತದೆ. ತೆರೆದಿಟ್ಟ ಅಲಗಿಗೆ ಹೊಸ ಗಾಳಿ ಬರುತ್ತಲೇ ಇರುತ್ತದೆ, ನಷ್ಟವೂ ನಡೆಯುತ್ತಲೇ ಇರುತ್ತದೆ. ಒಳಗಿನ ಆ ಚೂರು ಆಮ್ಲಜನಕವೂ ಅಲಗಿಗೆ ಸಿಗದಿರಲೆಂದು ಪೊಟ್ಟಣದಲ್ಲಿ ಕಾಗದದ ಚೂರೊಂದನ್ನು ಇಡುವವರಿದ್ದಾರೆ. ಉಕ್ಕು ಕೆಂಪಾಗುವ ಮೊದಲೇ ಕಾಗದ ಸುಟ್ಟು ಅದನ್ನು ಬಳಸಿಬಿಡುತ್ತದೆ.

ಡಿ-2 ನಿಧಾನವಾಗಿ ತಣಿದರೂ ಗಡುಸಾಗುವ ಉಕ್ಕು. ಆದ್ದರಿಂದ ಪೊಟ್ಟಣ ಬಿಚ್ಚದೆಯೇ ಗಾಳಿಯಲ್ಲೋ, ಎರಡು ದಪ್ಪ ಅಲ್ಯುಮಿನಿಯಂ ಫಲಕಗಳ ನಡುವೆಯೋ ತಣಿಸುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಅಲಗು ತಿಳಿ ಬೂದು ಬಣ್ಣದಲ್ಲಿ ಸ್ವಚ್ಛವಾಗಿತ್ತು. ಸುತ್ತದೆ ಕಾಯಿಸಿದ ತುಂಡೊಂದು ಪಕ್ಕದಲ್ಲಿತ್ತು. ಅದರ ಮೈ ಕಪ್ಪಾಗಿ ಹೊಪ್ಪಳೆ ಎದ್ದಿತ್ತು.

ನಮ್ಮ ನಾಡಿಗೆ ಈ ತತ್ವ ಹೊಸದಲ್ಲ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ, 1807ರಲ್ಲಿ ಅಚ್ಚಾದ ಗ್ರಂಥದಲ್ಲಿ ಇಲ್ಲಿನ ಉಕ್ಕು ತಯಾರಿಕೆಯ ವಿವರವಿದೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಬಾಯಿಗೆ ಮಣ್ಣು ಮೆತ್ತಿ ಕಾಯಿಸುತ್ತಿದ್ದರು. ಗಾಳಿ ಹೊರಗೆ, ಇಂಗಾಲ ಒಳಗೆ. ಅಲ್ಲಿ ಮಣ್ಣು, ಇಲ್ಲಿ ಉಕ್ಕಿನ ಹಾಳೆ, ಅಷ್ಟೇ.

ಹಾಗಾದರೆ ನಮ್ಮ ಹುಡುಗನ ತಂದೆಗೂ ಈ ಹಾಳೆ ಕೊಡಿಸೋಣವೆಂದರೆ ಅದು ನಡೆಯದು. ಕಮಾನು ಪಟ್ಟಿಯ ಉಕ್ಕನ್ನು ಕೆಂಪಗಿರುವಾಗಲೇ ಥಟ್ಟನೆ ಎಣ್ಣೆಗೆ ಅದ್ದಬೇಕು. ಪೊಟ್ಟಣ ಬಿಚ್ಚುತ್ತ ಕೂತರೆ ಅಲಗು ಆರಿಹೋಗುತ್ತದೆ. ಬಡಿಯುವಾಗ ಮತ್ತೆ ಮತ್ತೆ ಕಾಯಿಸಿದ್ದರಿಂದ ಆದ ನಷ್ಟಕ್ಕೂ ಹಾಳೆಯಲ್ಲಿ ಮದ್ದಿಲ್ಲ. ಆದರೆ ಕಾರಣ ತಿಳಿದ ಮೇಲೆ ಉಪಾಯ ಸುಲಭ. “ಆಚಾರ್ರೇ, ಬಾಯಿಯನ್ನು ಮೊದಲೇ ತೆಳ್ಳಗೆ ಬಡೀಬೇಡಿ. ರೂಪಾಯಿ ನಾಣ್ಯದಷ್ಟು ದಪ್ಪ ಬಿಟ್ಟು ಹದ ಮಾಡಿ. ಆಮೇಲೆ ಸಾಣೆಯಲ್ಲಿ ಆ ಸಿಪ್ಪೆ ತೆಗೆದು ಮಾರಿ” ಎಂದೆ. ಸಾಣೆ ಹಿಡಿಯುವಾಗ ನೀರಿನಲ್ಲಿ ಅದ್ದುತ್ತಿರಬೇಕು, ಬಿಸಿಯಾದರೆ ಹದ ಕೆಡುತ್ತದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೆಲಸ ಜಾಸ್ತಿಯಾಯಿತೆಂದು ಗೊಣಗಿದರು. ಆದರೆ ಆ ಹಬ್ಬದ ಸಂತೆಯಲ್ಲಿ ಮಾರಿದ ಮಚ್ಚುಗಳಲ್ಲಿ ಒಂದೂ ವಾಪಸ್ ಬರಲಿಲ್ಲ.

ಪೋಷಕರಿಗೆ ಒಂದು ಮಾತು. ಆ ಹುಡುಗ ತುಕ್ಕಿನ ಪಾಠಕ್ಕೆ ಪರೀಕ್ಷೆಯಲ್ಲಿ ಅರ್ಧ ಅಂಕವನ್ನಷ್ಟೇ ತೆಗೆದ. ಆದರೆ ಪ್ರನಾಳದ ಮೊಳೆಗೂ ತಂದೆಯ ಮಚ್ಚಿಗೂ ನಂಟಿದೆಯೆಂದು ತರಗತಿಯಲ್ಲಿ ಅನುಮಾನಪಟ್ಟವನು ಅವನೊಬ್ಬನೇ. ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ‘ಇದು ಪರೀಕ್ಷೆಗೆ ಬರುತ್ತಾ?’ ಎಂದು ಗದರಬೇಡಿ.

ಮಕ್ಕಳಿಗೆ ಎಚ್ಚರಿಕೆ: ಆ ಹಾಳೆಯ ಅಂಚು ಬ್ಲೇಡಿನಷ್ಟೇ ಹರಿತ, ಕೈಗವಸಿಲ್ಲದೆ ಯಾರೂ ಮುಟ್ಟುವುದಿಲ್ಲ. ಕುಲುಮೆಯ ಕೆಲಸ ದೊಡ್ಡವರದು. ನೀವು ಯೋಚಿಸಬೇಕಾದದ್ದು ಇಷ್ಟು: ಪೊಟ್ಟಣದ ಕಾಗದದ ಚೂರು, ಮೂಸೆಯ ತಂಗಡಿ ಕಡ್ಡಿ, ಎರಡೂ ಗಿಡಮರಗಳಿಂದ ಬಂದವು. ಎರಡರ ಕೆಲಸವೂ ಒಂದೇಯೇ? ಉತ್ತರ ಮುಂದಿನ ವಾರ.